ನೆಲದ ಮೇಲಿನ ಹೊಳೆ

ಶೇಂಗಾ ಹುರಿಯುತ್ತಿದ್ದೆ. ಊರಿಂದ ಬಾಲ್ಯದ ಗೆಳತಿ ಬಸ್ಸಿ ಫೋನ್ ಮಾಡಿ, "ಮಾಳಿ, ನಮ್ಮ ನಕಾಶಿ ಮೇಷ್ಟ್ರು ತೀರಿಕೊಂಡ್ರಂತ" ಎಂದಳು. ಒಲೆ ಆರಿಸಿ ಬಾಣಲೆ ಇಳಿಸಿದೆ.

ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ, ಉಜ್ಜಿನಿ ಹತ್ತಿರದ ನಮ್ಮೂರಿನ ಕುರಿಗಾರರ ಮನೆಗಳು ದೀಪಾವಳಿ ಮುಗಿಯುತ್ತಲೇ ಬರಿದಾಗುತ್ತಿದ್ದವು. ಅಪ್ಪ, ಅವ್ವ ಕೂಸನ್ನೆತ್ತಿಕೊಂಡು ಹಿಂಡಿನ ಜೊತೆ ಹೊಳೆಸಾಲಿನ ಗದ್ದೆಗಳಿಗೆ ಹೋಗುವರು. ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ನೆಲಕ್ಕೆ ಗೊಬ್ಬರ, ನಮಗೆ ಕಾಳು. ಶಾಲೆಗೆ ಹೋಗುವವಳೆಂದು ನನ್ನೊಬ್ಬಳನ್ನು ಕಿವಿ ಮಂದವಾದ ಅಜ್ಜಿಯ ಬಳಿ ಬಿಡುತ್ತಿದ್ದರು. ನುಚ್ಚು ಮಜ್ಜಿಗೆ ಉಂಡು, ಕುರಿ ವಾಸನೆಯ ಅವ್ವನ ಕಂಬಳಿ ಹೊದ್ದು ಮಲಗುತ್ತಿದ್ದೆ.

ಆ ವರ್ಷ ಬಂದ ಹೊಸ ಮೇಷ್ಟ್ರು ಶಾಲೆಯ ನೆಲದ ಮೇಲೆ ಸುಣ್ಣದಲ್ಲಿ ನಮ್ಮ ಸೀಮೆಯ ನಕಾಶೆ ಬರೆದರು. ಉಜ್ಜಿನಿ, ಕೊಟ್ಟೂರು, ಹಡಗಲಿ, ಅದರಾಚೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ತುಂಗಭದ್ರೆ. ಒಣಗಿದ ಕುರಿ ಹಿಕ್ಕೆಯೊಂದನ್ನು ನನ್ನ ಕೈಗಿಟ್ಟು, "ನಿಮ್ಮಪ್ಪನ ಹಿಂಡು ಎಲ್ಲೈತವ್ವ? ಇಡು ನೋಡೋಣು" ಎಂದರು. ನನಗೆ ಗೊತ್ತಿರಲಿಲ್ಲ.

"ಹಂಗಾದ್ರ ಕೇಳ್ಕೊಂಡು ಬಾ."

ಸಂತೆಯಿಂದ ಬಂದವರನ್ನೆಲ್ಲ ಕೇಳತೊಡಗಿದೆ. ಹಡಗಲಿ ದಾಟಿದರು ಎಂದು ಒಬ್ಬರು, ಹೊಳೆದಂಡೆಯ ಮಾಗಳದಲ್ಲಿ ಕಂಡೆ ಎಂದು ಇನ್ನೊಬ್ಬರು. ಬೆಳಿಗ್ಗೆ ಓಡಿಹೋಗಿ ಹಿಕ್ಕೆ ಸರಿಸುತ್ತಿದ್ದೆ. ಮೇಷ್ಟ್ರು ನಮ್ಮ ನಡುವೆ ಕುಕ್ಕರಗಾಲಲ್ಲಿ ಕೂತು, ಅದು ಯಾವ ದಿಕ್ಕು, ಎಷ್ಟು ಹರದಾರಿ, ಅಲ್ಲಿ ಭತ್ತ ಇಲ್ಲಿ ಜೋಳ ಯಾಕೆ ಎಂದು ತಾವೇ ಹುಡುಗರಂತೆ ಹಿಗ್ಗಿ ಕೇಳುವರು.

ಒಮ್ಮೆ ಹಿಕ್ಕೆ ನೀಲಿಯ ಮೇಲೆ ಉರುಳಿತು. "ಮಾಳಿ, ನಿಮ್ಮಪ್ಪ ಹೊಳ್ಯಾಗ ಬಿದ್ದಾನ ನೋಡಲೇ" ಎಂದಳು ಬಸ್ಸಿ.

"ಕುರಿ ಮೈ ತೊಳಿಯಾಕ ಇಳಿದಾನ ಬಿಡವ್ವ" ಎಂದರು ಮೇಷ್ಟ್ರು. ನಾನೂ ನಕ್ಕೆ.

ಆಮೇಲೊಂದು ದಿನ ತಪಾಸಣೆಗೆ ಸಾಹೇಬರು ಬಂದರು. "ಏನ್ರಿ ಇದು, ಶಾಲಿಯೋ ಕುರಿ ಹಟ್ಟಿಯೋ? ಪುಸ್ತಕದಾಗ ಇದ್ದದ್ದು ಹೇಳ್ರಿ, ಸಾಕು" ಎಂದು ನಮ್ಮೆದುರೇ ಅಂದರು. ಅವರು ಹೋದ ಮೇಲೆ ಮೇಷ್ಟ್ರು ತಾವೇ ನೀರು ತಂದು ನೆಲ ತೊಳೆದರು.

ಅಂದಿನಿಂದ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಹೊಡೆಯಲಿಲ್ಲ, ನಗಲೂ ಇಲ್ಲ. ನಾವು ಸರದಿಯಂತೆ ಪಾಠ ಓದುವುದು, ಅವರು ಕಿಟಕಿಯಾಚೆ ನೋಡುವುದು.

"ಸರ, ಅಪ್ಪ ತಿರುಗಿ ಮಾಗಳಕ್ಕ ಬಂದಾನಂತ್ರಿ" ಎಂದೆ ಒಮ್ಮೆ.

"ಹೂಂ. ಕುಂದ್ರವ್ವ."

ಸಂತೆಯವರನ್ನು ಕೇಳುವುದನ್ನು ಬಿಟ್ಟೆ.

ಯುಗಾದಿಗೆ ಅಪ್ಪ ಬಂದ. "ಶಾಲಿಗೆ ಹೋಗ್ತೀಯೋ, ನಮ್ಮ ಜೋಡಿ ಬರ್ತೀಯೋ?" ಸಂಕ್ರಾಂತಿ ಹೊತ್ತಿಗೆ ಕೇಳಿದ್ದರೆ ಶಾಲೆ ಎನ್ನುತ್ತಿದ್ದೆ. "ಬರ್ತೀನಿ" ಎಂದೆ. ಮೇಷ್ಟ್ರು ಬಂದು ಬೇಡ ಅಂದಾರು ಎಂದು ಹೊರಡುವ ತನಕ ಓಣಿ ನೋಡಿದೆ. ಅವರು ಬರಲಿಲ್ಲ.

ಮಾಗಳದ ದಂಡೆಯಲ್ಲಿ ನಿಂತಾಗ ಆ ನಕಾಶೆಯಲ್ಲಿದ್ದದ್ದೆಲ್ಲ ಗುರುತಾಯಿತು. ಹೊಳೆ ಬಾಗುವ ಕಡೆ, ನಮ್ಮೂರಿರುವ ದಿಕ್ಕು. ಅಪ್ಪ, ಅವ್ವ ಪಕ್ಕದಲ್ಲೇ ಇದ್ದರು. ಆದರೆ ಇದನ್ನು ಹೇಳಿದರೆ ಹಿಗ್ಗುವವರು ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ನಮ್ಮ ಕುಲದೇವರು ಬೀರಪ್ಪ ನನಗೆ ಏನೂ ಕಡಿಮೆ ಮಾಡಿಲ್ಲ. ಮಕ್ಕಳು ಓದಿ ನೌಕರಿ ಹಿಡಿದರು. ನನಗೂ ಇಷ್ಟು ಬರೆಯುವ ಅಕ್ಷರ ಉಳಿದಿದೆ. ಆ ಒಂದು ಚಳಿಗಾಲದ ಖುಷಿಯನ್ನು ಕೊಟ್ಟವನೂ ಅವನೇ. ಮೇಷ್ಟ್ರು ನಿನ್ನೆ ಹೋದರು ಅನ್ನುತ್ತಾಳೆ ಬಸ್ಸಿ. ನನ್ನ ಪಾಲಿಗೆ ಅವರು ನೆಲ ತೊಳೆದ ದಿನವೇ ಹೋಗಿದ್ದರು. ಆ ಸಂಜೆ ಅವರ ಬಾಡಿಗೆ ಕೋಣೆಯಲ್ಲಿ "ಉಂಡ್ರ್ಯಾ ಸರ" ಎಂದು ಕೇಳಲು ಒಂದು ಜೀವವೂ ಇರಲಿಲ್ಲ ಎಂಬುದು ಈಗ ಹೊಳೆಯುತ್ತಿದೆ.

ದೇವರ ಮುಂದೆ ದೀಪ ಹಚ್ಚಿ ಕೈಮುಗಿದೆ. ಯಜಮಾನರು ಬರುವ ಹೊತ್ತಾಗಿತ್ತು. ರೊಟ್ಟಿಗೆ ಎಸರಿಟ್ಟು ಜೋಳದ ಹಿಟ್ಟು ಜರಡಿ ಹಿಡಿಯತೊಡಗಿದೆ.