ಅಪ್ಪ ಉಂಡ ತಟ್ಟೆ

ಅವ್ವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಅವಳಿಗೆ ನಲವತ್ತೊಂಬತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಯಮತ್ತೂರಿನ ಒಂದು ತಮಿಳು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ವಾರಕ್ಕೊಮ್ಮೆ ಬರುವ ಮಹಿಳಾ ಪುಟದ ಆರೋಗ್ಯ ಅಂಕಣವೂ ನನ್ನ ಪಾಲಿಗೆ ಬಂದಿತ್ತು. ನಲವತ್ತು ದಾಟಿದ ಹೆಂಗಸರು ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಅನ್ನ ಕಡಿಮೆ ಮಾಡಿ ಸೊಪ್ಪು ಹೆಚ್ಚಿಸಬೇಕು, ದಿನಾ ಅರ್ಧ ಗಂಟೆ ನಡೆಯಬೇಕು ಎಂದೆಲ್ಲ ವೈದ್ಯರನ್ನು ಕೇಳಿ ಬರೆಯುತ್ತಿದ್ದೆ.

ನಮ್ಮ ಮನೆ ಮಡತ್ತುಕುಳಂ ಕಡೆಯ ನೇಕಾರರ ಬೀದಿಯಲ್ಲಿತ್ತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದುಬರಹವೆಲ್ಲ ತಮಿಳಿನಲ್ಲೇ. ಅಪ್ಪ ಮತ್ತು ಅಣ್ಣ ಎರಡು ಮಗ್ಗಗಳಲ್ಲಿ ನೇಯುತ್ತಿದ್ದರು. ಅವ್ವ ಮತ್ತು ಅತ್ತಿಗೆ ಅಡುಗೆ ಮುಗಿಸಿ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದರು. ನನ್ನ ಅಂಕಣವನ್ನು ಅವ್ವ ಒಂದು ಅಕ್ಷರ ಬಿಡದೆ ಓದುತ್ತಿದ್ದಳು. "ಇದು ಯಾರ ಮನೆ ಹೆಂಗಸ್ರಿಗಪ್ಪಾ?" ಎಂದು ಒಮ್ಮೆ ಕೇಳಿದಳು. ನಾನು ನಕ್ಕುಬಿಟ್ಟೆ.

ಹತ್ತಿರದ ಉಡುಮಲೈಪೇಟೆಯ ಡಾಕ್ಟರು ಅವಳಿಗೆ ಮೂರು ಮಾತು ಹೇಳಿದರು. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ. ದಿನಾ ಒಂದೇ ಹೊತ್ತಿಗೆ ಊಟ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ.

ನಡಿಗೆ ಹದಿನೈದು ದಿನವೂ ಬಾಳಲಿಲ್ಲ. ಮೊದಲ ದಿನ ಅವ್ವ ಬರಿಗೈಯಲ್ಲಿ ಹೊರಟಳು. ಎದುರುಮನೆಯವಳು ಬಾಗಿಲಿಗೆ ಬಂದು ನಿಂತಳು.

"ಎಲ್ಲಿಗಕ್ಕಾ?"

"ಎಲ್ಲಿಗೂ ಇಲ್ಲ. ಸುಮ್ನೆ ನಡ್ಕೊಂಡ್ ಬರೋಣಾಂತ."

"ಸುಮ್ನೆ ನಡಿಯಾಕೆ ಹೊತ್ತು ಸಿಕ್ತದಾ ನಿಂಗೆ? ನಮ್ಮನೆ ರಾಟೆನೂ ವಸಿ ಸುತ್ಕೊಟ್ಟು ಹೋಗು, ಪುಣ್ಯ ಬತ್ತದೆ."

ಮರುದಿನ ಅವ್ವ ನೀರಿಗೆ ಹೋಗುವವಳಂತೆ ಕೊಡ ಎತ್ತಿಕೊಂಡಳು. ಸೀರೆ ಮೂಟೆ ಹೊತ್ತು ಹೊರಟಿದ್ದ ಹಿರಿಯರೊಬ್ಬರಿಗೆ ಖಾಲಿ ಕೊಡ ಎದುರಾಯಿತು. "ಹೊರಡೋ ಹೊತ್ತಲ್ಲಿ ಬರೀ ಕೊಡ ತತ್ತೀಯಲ್ಲಮ್ಮಾ" ಎಂದು ಅವರು ವಾಪಸು ಹೋಗಿ ಜಗುಲಿಯ ಮೇಲೆ ಕೂತರು. ಮೂರನೆಯ ದಿನದಿಂದ ಅವ್ವ ಮನೆಯಲ್ಲೇ ಕೊಡ ತುಂಬಿಕೊಂಡು, ಕಾಲುವೆಯವರೆಗೆ ಹೋಗಿ, ಅದೇ ನೀರನ್ನು ಮನೆಗೆ ಹೊತ್ತು ತಂದಳು. ಹತ್ತು ದಿನಕ್ಕೆ ಸೊಂಟ ಹಿಡಿಯಿತು. ನಡಿಗೆ ನಿಂತಿತು.

ಊಟದ ಹೊತ್ತು ಅದಕ್ಕಿಂತ ಕಷ್ಟದ್ದು. ಅಪ್ಪ ಉಂಡೆದ್ದ ತಟ್ಟೆಯಲ್ಲಿ, ಅದನ್ನು ತೊಳೆಯದೆ, ಅವ್ವ ಉಣ್ಣುತ್ತಿದ್ದಳು. ನಮ್ಮ ಬೀದಿಯ ಹೆಂಡತಿಯರೆಲ್ಲ ಹಾಗೆಯೇ ಉಣ್ಣುತ್ತಿದ್ದರು. ಅಪ್ಪ ಏಳುವವರೆಗೆ ಅವಳಿಗೆ ತಟ್ಟೆಯಿಲ್ಲ. ಇದಕ್ಕೆ ಉಪಾಯವೆಂದು ನಾನು ಒಂದು ಸ್ಟೀಲಿನ ತಟ್ಟೆ ಕೊಂಡು, ಅಂಚಿನಲ್ಲಿ ಅವಳ ಹೆಸರು ಕೆತ್ತಿಸಿ ತಂದುಕೊಟ್ಟೆ. ಅವಳು ಅದನ್ನು ಸಾರಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಳು.

ಮಾತ್ರೆಯನ್ನು ಮಾತ್ರ ತಪ್ಪಿಸಲಿಲ್ಲ. ಅದನ್ನು ನುಂಗುವುದನ್ನು ಯಾರೂ ನೋಡುತ್ತಿರಲಿಲ್ಲ, ಅದು ಯಾರ ದಾರಿಗೂ ಅಡ್ಡ ಬರುತ್ತಿರಲಿಲ್ಲ.

ಒಮ್ಮೆ ವಾರದ ರಜೆಯ ದಿನ ನಾನು ಕೊಯಮತ್ತೂರಿನ ಉಕ್ಕಡಂ ನಿಲ್ದಾಣದಿಂದ ಬೆಳಗಿನ ಬಸ್ಸು ಹಿಡಿದು ಮನೆಗೆ ಬಂದಿದ್ದೆ. ಅಪ್ಪ ನೇಯ್ದ ಸೀರೆಗಳನ್ನು ಒಪ್ಪಿಸಲು ನೇಕಾರರ ಸಹಕಾರ ಸೊಸೈಟಿಗೆ ಹೋಗಿದ್ದರು. ಹನ್ನೆರಡೂವರೆಗೆ ಅವ್ವ ಗೋಡೆ ಗಡಿಯಾರ ನೋಡಿ ಮಾತ್ರೆ ನುಂಗಿದಳು. ಒಂದು ಗಂಟೆಗೆ ನನಗೂ ಅಣ್ಣನಿಗೂ ಬಡಿಸಿದಳು.

"ನೀನೂ ಕೂತ್ಕೋ ಅವ್ವಾ. ಮಾತ್ರೆ ತಗೊಂಡಿದೀಯ" ಎಂದೆ.

"ಅಪ್ಪ ಬಂದ್ಬಿಡ್ತಾರೆ ಇರು."

"ನಿನ್ನ ತಟ್ಟೆ ಇದೆಯಲ್ಲ."

"ಬೇರೆ ತಟ್ಟೇಲಿ ಉಣ್ಣೋದು ಗಂಡ ಇಲ್ದೋರು. ನಿಮ್ಮಪ್ಪ ಚೆನ್ನಾಗವ್ರೆ. ನೀ ಉಣ್ಣು."

ನಾನು ಉಂಡೆ. ಮತ್ತೊಮ್ಮೆ ಹೇಳಲಿಲ್ಲ. ಕೈತೊಳೆದು ಜಗುಲಿಗೆ ಹೋಗಿ ಮುಂದಿನ ವಾರದ ಅಂಕಣವನ್ನು ತಿದ್ದತೊಡಗಿದೆ. ಮಾತ್ರೆ ತೆಗೆದುಕೊಂಡು ಊಟ ತಡಮಾಡುವುದರ ಅಪಾಯದ ಬಗ್ಗೆಯೂ ಅದರಲ್ಲಿ ಒಂದು ಸಾಲಿತ್ತು. ಆ ಸಾಲು ಬರೆದವನು ನಾನೇ.

ಎರಡು ಗಂಟೆ ದಾಟಿತ್ತು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಗೋಡೆಗೆ ಒರಗಿದ್ದಳು. ರವಿಕೆ ಬೆವರಿನಲ್ಲಿ ತೊಯ್ದಿತ್ತು, ಮಾತು ತೊದಲುತ್ತಿತ್ತು. ಅವಳ ಮೊಣಕಾಲಿನ ಹತ್ತಿರ ಅನ್ನದ ಪಾತ್ರೆಯಿತ್ತು. ಪಕ್ಕದಲ್ಲಿ ಸಾರು, ಅದರ ಮೇಲೆ ಅವಳ ಹೆಸರಿನ ತಟ್ಟೆ. ಅತ್ತಿಗೆ ಅವಳ ತಲೆಯನ್ನು ತೊಡೆಗೆ ಆನಿಸಿಕೊಂಡು ಬೆಲ್ಲದ ನೀರು ಕುಡಿಸಿದರು. ಹತ್ತು ನಿಮಿಷಕ್ಕೆ ಕಣ್ಣು ನಿಚ್ಚಳವಾಯಿತು.

ಅಪ್ಪ ಬಂದದ್ದು ಎರಡೂಮುಕ್ಕಾಲಿಗೆ. ಮಾತ್ರೆ ನುಂಗಿ ಉಣ್ಣದೆ ಕಾದದ್ದಕ್ಕೆ ಹೀಗಾಯಿತೆಂದು ಅತ್ತಿಗೆ ಹೇಳಿದರು.

"ನಾನೇನು ಉಣ್ಬೇಡ ಅಂದೆನಾ?" ಎಂದರು ಅಪ್ಪ.

ಅವರು ಎಂದೂ ಹಾಗೆ ಹೇಳಿರಲಿಲ್ಲ. ಉಣ್ಣು ಎಂದೂ ಹೇಳಿರಲಿಲ್ಲ. ಕೈಕಾಲು ತೊಳೆದು ಕೂತು ಉಂಡರು. ಎಂದಿನಂತೆ ತಟ್ಟೆಯ ಬದಿಯಲ್ಲಿ ಒಂದು ಹಿಡಿ ಅನ್ನ ಬಿಟ್ಟು ಎದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಅವ್ವ ಅದರಲ್ಲೇ ಊಟಕ್ಕೆ ಕೂತಳು.

ಅಂದಿನಿಂದ ಅವಳು ಮಾತ್ರೆ ಬಿಟ್ಟಳು. "ಅದನ್ನ ತಗೊಂಡ್ರೆ ತಾನೇ ತಲೆ ಸುತ್ತೋದು? ಈಗ ನೋಡು, ಚೆನ್ನಾಗಿದೀನಿ" ಎಂದಳು. ಸ್ವಲ್ಪ ದಿನ ಜಗಳವಾಡಿದೆ. ಆಮೇಲೆ ಮನೆಗೆ ಬಂದಾಗಲೆಲ್ಲ "ಮಾತ್ರೆ?" ಎಂದು ಕೇಳುವೆ, "ಆಯ್ತು" ಎನ್ನುವಳು. ಪತ್ರಿಕೆಯ ಸುದ್ದಿಯಾದರೆ ಎರಡು ಕಡೆ ವಿಚಾರಿಸುತ್ತಿದ್ದೆ. ಇಲ್ಲಿ ಕೇಳಿದ್ದನ್ನೇ ನಂಬಿದೆ, ನಂಬುವುದು ಸುಲಭವಾಗಿತ್ತು.

ಐದು ವರ್ಷದ ನಂತರ ಹರಿದ ನೂಲಿನ ಎಳೆ ಕೂಡಿಸಲು ಅವಳಿಗೆ ಕಣ್ಣು ಕಾಣದಾಯಿತು. ಕೊಯಮತ್ತೂರಿನ ಕಣ್ಣಿನ ಡಾಕ್ಟರು, "ಸಕ್ಕರೆಗೆ ಮಾತ್ರೆ ತಗೊಳ್ತಿರಲಿಲ್ಲವಾ?" ಎಂದು ನನ್ನನ್ನು ಕೇಳಿದರು. ಕಳೆದುಹೋದ ದೃಷ್ಟಿ ಮರಳುವುದಿಲ್ಲ ಎಂದರು. ಅಂಕಣವನ್ನು ಅವಳಿಗೆ ಓದಿ ಹೇಳುವವರು ಯಾರೂ ಇರಲಿಲ್ಲ. ಬರೆಯುವುದನ್ನು ನಾನು ನಿಲ್ಲಿಸಲೂ ಇಲ್ಲ.

ಅದಾದ ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮಾರನೆಯ ದಿನ ಅತ್ತಿಗೆ ಸಾರಿನ ಪಾತ್ರೆಯ ಮೇಲಿದ್ದ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಸರಿಯಾಗಿ ಒಂದು ಗಂಟೆಗೆ ಅದರಲ್ಲಿ ಅವ್ವನಿಗೆ ಬಡಿಸಿದರು. ಅನ್ನ ಕಡಿಮೆ, ಸೊಪ್ಪು ಹೆಚ್ಚು. ಅವ್ವ ತಟ್ಟೆಯ ಅಂಚನ್ನು ಬೆರಳಿನಿಂದ ತಡವಿದಳು. ಹೆಸರು ಬೆರಳಿಗೆ ಸಿಕ್ಕಿರಬೇಕು. ಆಮೇಲೆ ಉಂಡಳು. ಡಾಕ್ಟರು ಹೇಳಿದ ಹಾಗೆ ಹೊತ್ತಿಗೆ ಸರಿಯಾಗಿ ಅವಳು ಉಂಡದ್ದನ್ನು ನಾನು ಕಂಡದ್ದು ಅಂದೇ ಮೊದಲು.

"ನೀವೂ ಕೂತ್ಕೊಳ್ಳಿ ಅತ್ತಿಗೆ" ಎಂದೆ.

"ನಿಮ್ಮಣ್ಣ ಮಗ್ಗದಿಂದ ಏಳ್ಲಿ" ಎಂದರು.

ಅವರಿಗೆ ಆಗ ಮೂವತ್ತಾರು. ಅಣ್ಣ ಎದ್ದು ಬಂದದ್ದು ಎರಡೂವರೆಗೆ.