ಮೊಬೈಲಿಗೆ ಹೇಳಿದ ಸುಳ್ಳು ತಾರೀಖು

ಮುಸುಕಿನ ಜೋಳದ ಬೆಳೆ ನೋಡಿ, ಹೊಲದಿಂದಲೇ ಮೊಬೈಲಿನಲ್ಲಿ ವರದಿ ಕಳಿಸಬೇಕು ಅನ್ನೋದು ನಮ್ಮ ಬೀಜದ ಕಂಪನಿಯ ಹೊಸ ರೂಲು. ಗಾವಡಗೆರೆಯ ಸಿದ್ದೇಗೌಡರ ಹೊಲದಲ್ಲಿ ನಿಂತು ಒತ್ತಿದರೆ, ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಮೊಬೈಲು ಮುಖ ತಿರುಗಿಸಿತು. ವರದಿ ಕಳಿಸೋ ಸಾಫ್ಟ್‌ವೇರು ಅಸಲಿ ಅಂತ ಮೊಬೈಲು ನಂಬೋದೇ ಆ ಸರ್ಟಿಫಿಕೇಟಿನಿಂದಂತೆ. ಅದನ್ನು ಹೊಸದು ಮಾಡಬೇಕಿದ್ದವರು ಮೈಸೂರಿನ ಆಫೀಸಿನವರು. ಮಾಡಿರಲಿಲ್ಲ.

ಫೋನು ಮಾಡಿದೆ. ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ, “ಮೊಬೈಲಿನ ತಾರೀಖನ್ನ ಒಂದು ವರ್ಷ ಹಿಂದಕ್ಕೆ ಇಡಿ ಸಾರ್, ಹೋಗುತ್ತೆ” ಅಂದರು. ಇಟ್ಟೆ. ಹೋಗೇಬಿಡ್ತು!

ಗೌಡರು ನಕ್ಕರು. “ನಿಜ ಹೇಳುದ್ರೆ ನಂಬಾಕಿಲ್ಲ, ಸುಳ್ಳು ಹೇಳುದ್ರೆ ನಂಬ್ತದೆ. ಇದ್ಯಾವ ಸೀಮೆ ಕಾವ್ಲು ಸಾ?”

ಮಾರನೇ ದಿನ ಅದೇ ಮೇಡಂ ಫೋನು. “ನಿನ್ನೆ ನಿಮ್ಮ ವರದಿ ಬಂದಿಲ್ಲ. ಗೈರುಹಾಜರಿ ಹಾಕಿದ್ದೀವಿ.”

ಮೈಯೆಲ್ಲ ಉರಿದುಹೋಯಿತು. “ತಾರೀಖು ಹಿಂದಕ್ಕಿಡಿ ಅಂದಿದ್ದು ನೀವೇ ಅಲ್ವೇನ್ರೀ? ಹೋದ ವರ್ಷದ್ದರಲ್ಲಿ ನೋಡಿ!”

ನೋಡಿದರು. “ಹೌದು ಸಾರ್, ಇದೆ. ಆದರೆ ಆಗ ನೀವಿನ್ನೂ ಕೆಲಸಕ್ಕೇ ಸೇರಿರಲಿಲ್ಲವಲ್ಲ, ಹಾಜರಿ ಹ್ಯಾಗೆ ಕೊಡೋದು?”

ಕೆಲಸಕ್ಕೆ ಸೇರುವ ಮುಂಚೆಯೇ ಕೆಲಸ ಮಾಡಿದವನು ಇಡೀ ಹುಣಸೂರು ತಾಲ್ಲೂಕಿಗೆ ನಾನೊಬ್ಬನೇ ಇರಬೇಕು. ನನಗೆ ಗೈರುಹಾಜರಿ. ಸರ್ಟಿಫಿಕೇಟ್ ಹೊಸದು ಮಾಡದೆ ಕೂತಿದ್ದವರಿಗೆಲ್ಲ ಅವತ್ತು ಪೂರಾ ಹಾಜರಿ.