ಬಾಲ್ಕನಿಯಲ್ಲಿ ಭಂಕೂರದ ಕಲ್ಲು

ಮನೆ ಬಾಡಿಗೆಗೆ ಕೊಡುವಾಗ ಮಾಲಕರು ಹಾಕಿದ್ದು ಒಂದೇ ಷರತ್ತು. ಗೋಡೆಗೆ ಮೊಳೆ ಹೊಡೆಯಬಾರದು, ಡ್ರಿಲ್ ಹಚ್ಚಬಾರದು. "ಒಂದು ತೂತು ಕಂಡ್ರೂ ಮನಿ ಖಾಲಿ ಮಾಡ್ಬೇಕಾಗ್ತದ ನೋಡ್ರಿ ಮೇಡಂ" ಎಂದಿದ್ದರು. ನಾನು ಇನ್ನೊಂದು ಪ್ರಶ್ನೆಗಾಗಿ ಕಾಯುತ್ತ ನಿಂತಿದ್ದೆ. ಅದು ಬರಲಿಲ್ಲ.

ಆ ಪ್ರಶ್ನೆ ಸೇಡಂನಲ್ಲಿ ಬಂದಿತ್ತು, ಚಿತ್ತಾಪುರದಲ್ಲಿ ಬಂದಿತ್ತು. ನೀವು ಯಾವ ಮಂದಿರಿ? ಉತ್ತರ ಕೇಳಿದ ಮೇಲೆ ಆ ಮನೆ ಆಗಲೇ ಬೇರೆಯವರಿಗೆ ಮಾತಾಗಿರುತ್ತಿತ್ತು, ಇಲ್ಲವೇ ಮಗಳ ಬಾಣಂತನಕ್ಕೆ ಬೇಕಾಗಿರುತ್ತಿತ್ತು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಚಹಾ ಕೂಡ ಕೊಟ್ಟರು, ಕಾಗದದ ಕಪ್ಪಿನಲ್ಲಿ.

ವಾಡಿಯ ಈ ಮಾಲಕರು ಕೊಡ್ಲಿಯ ಕಡೆಯಿಂದ ಬಂದು ತೊಗರಿ ವ್ಯಾಪಾರದಲ್ಲಿ ಬೆಳೆದವರು. ಕೆಳಗಿನ ಮನೆಯಲ್ಲಿ ತಾವಿದ್ದು ಮೇಲಿನವನ್ನು ಬಾಡಿಗೆಗೆ ಕೊಡುತ್ತಾರೆ. ಪಡಸಾಲೆಯಲ್ಲಿ ಬಸವಣ್ಣನ ದೊಡ್ಡ ಚಿತ್ರವಿದೆ, ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ "ಶರಣ್ರಿ" ಎನ್ನುತ್ತಾರೆ. ಅವರು ಕೇಳಲೇ ಇಲ್ಲವೋ, ಕೇಳುವ ಮೊದಲೇ ನಾನು ಸೇಡಂನ ಸರಕಾರಿ ಕಚೇರಿಯ ಕೆಲಸದ ಮಾತೆತ್ತಿದೆನೋ, ಈಗ ಖಾತ್ರಿಯಾಗಿ ಹೇಳಲಾರೆ. ಕೆಲವು ಸಲ ಹೀಗೆ ನೆನಪಾಗುತ್ತದೆ, ಕೆಲವು ಸಲ ಹಾಗೆ.

ಮನೆ ಮೂರನೆಯ ಮಹಡಿಯಲ್ಲಿ. ಅಪಾರ್ಟ್‌ಮೆಂಟು ಎಂದು ಗೇಟಿನ ಮೇಲೆ ಬರೆಸಿದ್ದಾರೆ. ಲಿಫ್ಟಿಲ್ಲ. ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಒರೆಸಿದ ಜಾಗದಲ್ಲೇ ಕೂರುತ್ತದೆ. ಅಪ್ಪ ಭಂಕೂರದ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಎಬ್ಬಿಸುತ್ತಿದ್ದವನು, ಎದೆ ತುಂಬ ಅದೇ ಕಲ್ಲಿನ ಪುಡಿ ತುಂಬಿಕೊಂಡು ಈಗ ನನ್ನ ಜೊತೆ ಇದ್ದಾನೆ. ಮೆಟ್ಟಿಲಿಳಿದರೆ ಹತ್ತಲು ಅರ್ಧ ಹೊತ್ತು ಬೇಕು. ಹಾಗಾಗಿ ಇಳಿಯುವುದಿಲ್ಲ.

ಸಾಮಾನು ಬಿಚ್ಚುವಾಗ ಅವನು ಮೊದಲು ತೆಗೆದದ್ದು ಬುದ್ಧನ ಫೋಟೋ. ಭಂಕೂರದ ಮನೆಯಲ್ಲಿ ಅದು ಬಾಗಿಲ ಎದುರಿನ ಗೋಡೆಯಲ್ಲಿರುತ್ತಿತ್ತು, ಅವ್ವ ಇದ್ದಾಗಿನಿಂದ.

"ಮೊಳೆ ಬ್ಯಾಡ ಅಂದಾರ ಯಪ್ಪಾ."

"ಇಷ್ಟು ಸಣ್ಣದು ಹೊಡ್ಯಾನು."

"ಸಣ್ಣದೂ ಬ್ಯಾಡ ಅಂದಾರ."

ಅವನು ನನ್ನ ಮುಖ ನೋಡಿದ. ಫೋಟೋವನ್ನು ಮತ್ತೆ ಹಾಸಿಗೆಯ ಚಾದರದಲ್ಲಿ ಸುತ್ತಿ ಅಲಮಾರಿಯ ಮೇಲಿಟ್ಟ. ಗೋಡೆಯ ಚಿಂತೆಗೆ ಹೇಳಿದೆನೋ, ಬಾಗಿಲಿಗೆ ಬಂದವರಿಗೆ ಫೋಟೋ ಕಂಡೀತೆಂದು ಹೇಳಿದೆನೋ, ಅವನಿಗೆ ಗೊತ್ತಿತ್ತು.

ನಾನು ಬೆಳಿಗ್ಗೆಯ ರೈಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತು ಅವನು ಮತ್ತು ಗೋಡೆ. ಮೊಬೈಲು ಅವನ ಬೆರಳಿಗೆ ಬಗ್ಗುವುದಿಲ್ಲ, ಕೇಬಲ್ಲಿನವನು ಈ ಬೀದಿಗೆ ತಂತಿ ಎಳೆದಿಲ್ಲ. ಡಿಶ್ ಹಾಕಿಸುವುದೆಂದು ಹಳೆಯ ಟಿವಿಯನ್ನು ಹೊತ್ತು ತಂದಿದ್ದೆವು. ಮಾಳಿಗೆಯ ಮೇಲೆ ಹಾಕಿಸಲು ಕೀಲಿ ಕೇಳಿದಾಗ ಮಾಲಕರು ಆಗದೆಂದು ತಲೆಯಾಡಿಸಿದರು. ಹಿಂದಿನ ಬಾಡಿಗೆಯವರು ಮೇಲೆ ಹತ್ತಿ ನೀರಿನ ಟಾಕಿಯ ಪೈಪು ಒಡೆದಿದ್ದರಂತೆ. "ಬಾಲ್ಕನ್ಯಾಗ ಕುಂದ್ರಿಸ್ಕೋರಿ. ತೂತು ಮಾತ್ರ ಬ್ಯಾಡ."

ಡಿಶ್ಶಿನವನು ಬಂದ. ನಡುವಯಸ್ಸಿನ, ಭಾಳ ಮಾತಿನ ಮನುಷ್ಯ. ಚೀಲದಿಂದ ಮೊದಲು ಹೊರಬಂದದ್ದೇ ಡ್ರಿಲ್ಲು.

"ಅದು ಬ್ಯಾಡ್ರಿ" ಎಂದೆ.

"ಎರಡು ನಿಮಿಷದ ಕೆಲಸರಿ ಅಕ್ಕಾರ. ನಾಕು ತೂತು."

"ಒಂದೂ ಬ್ಯಾಡ."

"ಹಂಗಾರ ಡಿಶ್ ಏನು ನಾ ಕೈಯಾಗ ಹಿಡ್ಕೊಂಡು ನಿಂದ್ರಲೇನ್ರಿ?"

ಅಪ್ಪ ನಕ್ಕ, ನಗು ಕೆಮ್ಮಾಯಿತು. ಕೊನೆಗೆ ಡಿಶ್ಶಿನವನು ಬಾಲ್ಕನಿಯ ಕಬ್ಬಿಣದ ಕಟಾಂಜನಕ್ಕೆ ಕ್ಲಾಂಪು ಬಿಗಿದು ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸಿದ. ಒಳಗಿನಿಂದ ಅಪ್ಪ "ಬಂತು, ಹೋತು, ಬಂತು" ಎಂದು ಕೂಗುತ್ತಿದ್ದ. ಬಂದ ಗಳಿಗೆಯಲ್ಲಿ ಬೋಲ್ಟು ಬಿಗಿದು ಅವನು ಹೋದ. ಸಂಜೆ ಸಿಮೆಂಟಿನ ಲಾರಿಗಳು ಸಾಲಾಗಿ ಹೊರಟವು. ಕಟಾಂಜನ ನಡುಗಿತು, ಅದರೊಂದಿಗೆ ಡಿಶ್ಶು. ಸುದ್ದಿ ಓದುವ ಹೆಂಗಸಿನ ಮುಖ ಚೌಕ ಚೌಕವಾಗಿ ಒಡೆದು ನಿಂತಿತು. ಲಾರಿ ಹೋದ ಮೇಲೆ ಕೂಡಿಕೊಂಡಿತು. ಮತ್ತೊಂದು ಲಾರಿ ಬಂತು.

ಹೀಗೇ ಕೆಲವು ವಾರ. ಅಪ್ಪ ಮುರಿದ ಮುಖಗಳ ಎದುರು ಕೂತಿರುತ್ತಿದ್ದ. ನಾನು ಬಂದು ಚಪ್ಪಲಿ ಬಿಡುವಾಗ "ಇವತ್ತು ಏನು ನೋಡ್ದಿ?" ಎಂದರೆ "ಅರ್ಧರ್ಧ" ಎನ್ನುತ್ತಿದ್ದ. ಒಂದು ಸಲ ಡ್ರಿಲ್ಲಿನವನನ್ನೇ ಕರೆಸಿಬಿಡೋಣ ಅನಿಸಿತು. ಆಮೇಲೆ ಮತ್ತೆ ಸೇಡಂ, ಮತ್ತೆ ಚಿತ್ತಾಪುರ, ಮತ್ತೆ ಕಾಗದದ ಕಪ್ಪು. ನನಗೆ ಅಷ್ಟು ಶಕ್ತಿ ಇರಲಿಲ್ಲ.

ಪರಿಹಾರ ಅಪ್ಪನಿಗೆ ಹೊಳೆಯಿತು. ಭಂಕೂರದವರಿಗೆ ಯಾವುದಕ್ಕೂ ಒಂದೇ ಪರಿಹಾರ ಹೊಳೆಯುತ್ತದೆ. ಬಾಗಿಲು ಗಾಳಿಗೆ ಬಡಿದರೆ ಕಲ್ಲು, ಮಾಡಿನ ಪತ್ರಾಸು ಹಾರಿದರೆ ಕಲ್ಲು, ಕುಂದ್ರಲಿಕ್ಕೆ, ಬಟ್ಟೆ ಒಗೆಯಲಿಕ್ಕೆ, ಸತ್ತವರ ತಲೆದಿಸೆಗೆ ಕಲ್ಲು. "ಗ್ವಾಡಿಗೆ ತೂತು ಬ್ಯಾಡ ಅಂದಾರ. ಕಲ್ಲಿಗೆ ಬ್ಯಾಡ ಅಂದಿಲ್ಲಲ್ಲ?" ಎಂದ. ಒಂದು ದಪ್ಪ ಫರಸಿಗೆ ಅಲ್ಲೇ ಖಣಿಯಲ್ಲಿ ತೂತು ಹೊಡೆಸಿ, ಡಿಶ್ಶಿನ ಕಾಲನ್ನು ಅದಕ್ಕೆ ಬೋಲ್ಟು ಮಾಡಿ ಬಾಲ್ಕನಿಯ ನೆಲದಲ್ಲಿಟ್ಟರೆ ಯಾವ ಲಾರಿಗೂ ಅಲುಗದು. ನನಗೂ ಸರಿಯೆನಿಸಿತು. ಕಲ್ಲು ತಾನಾಗಿ ಬರುವುದಿಲ್ಲ ಎಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ರವಿವಾರ ಮುಂಜಾನೆ ಅಪ್ಪ ಅಲಮಾರಿಯ ಮೇಲಿಂದ ಫೋಟೋ ಇಳಿಸಿ ಒರೆಸುತ್ತಿದ್ದ.

"ಯಾಕ?"

"ಮಂದಿ ಬರ್ತಾರ. ಎಲ್ಲಿ ಅದ ಅಂತ ಕೇಳ್ತಾರ." ಟಿವಿಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ.

ಆಗಲೇ ಕೆಳಗೆ ಟಂಟಂ ಗಾಡಿ ನಿಂತ ಸದ್ದು. ಭಂಕೂರದ ನಮ್ಮ ಓಣಿಯ ಗಂಡಸರು, ಅಪ್ಪನ ಜೊತೆ ಖಣಿಯಲ್ಲಿ ಕೆಲಸ ಮಾಡಿದವರು, ತಲೆಗೆ ಟವೆಲಿನ ಸಿಂಬಿ ಇಟ್ಟು ಫರಸಿ ಹೊತ್ತು ಮೆಟ್ಟಿಲು ಹತ್ತತೊಡಗಿದರು. ಒಂದು ಕಲ್ಲು ಹೇಳಿದ್ದರೆ ಗಾಡಿ ತುಂಬ ತಂದಿದ್ದರು. ಅವರಿಗೆ ತೂಕದ ಮೇಲೆ ಮಾತ್ರ ನಂಬಿಕೆ. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದವು.

"ಯವ್ವಾ, ಏನು ಆಕಾಶದಾಗ ಮನಿ ಹಿಡ್ದೀ ಬೇ ನೀ" ಎಂದ ಒಬ್ಬ ಕಾಕಾ, ಮೇಲಿನ ತಿರುವಿನಲ್ಲಿ.

"ಡಿಶ್ಶಿಗೆ ಹತ್ರ ಆಗ್ತದಂತ ಹಿಡ್ದಾಳ" ಎಂದ ಹಿಂದಿನವನು.

"ಮಾತು ಕಮ್ಮಿ ಮಾಡು, ಕಲ್ಲು ವಾಲ್ಲಿಕತ್ತದ."

ಬಾಗಿಲಲ್ಲಿ ಅಪ್ಪನನ್ನು ಕಂಡು, ತಲೆಯ ಮೇಲೆ ಕಲ್ಲಿದ್ದಂತೆಯೇ, ಖಣಿಯ ಆಚೆ ದಂಡೆಗೆ ಕೇಳುವ ಗಂಟಲಲ್ಲಿ ಎಲ್ಲರೂ "ಜೈ ಭೀಮ್" ಎಂದರು. ಮೆಟ್ಟಿಲ ಸುರಂಗದಲ್ಲಿ ಅದು ಕೆಳಗಿನ ಮನೆಯವರೆಗೂ ಇಳಿಯಿತು. ಅಪ್ಪನೂ ಅಷ್ಟೇ ಗಟ್ಟಿಯಾಗಿ ಮರಳಿ ಹೇಳಿದ. ಹೇಳಿ ಕೆಮ್ಮಲಿಲ್ಲ ಎಂದು ನನಗೆ ನೆನಪು. ಆದರೆ ಇದು ನಾನು ಆಮೇಲೆ ಸೇರಿಸಿದ್ದಿರಬಹುದು.

ನನಗೆ ಆಗ ಅನಿಸಿದ್ದು ಇಷ್ಟೇ: ಮುಗೀತು. ಸಿಟ್ಟಲ್ಲ, ಭಯವೂ ಅಲ್ಲ. ಮತ್ತೆ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಬೇಕು.

ತೂತಿದ್ದ ಫರಸಿಗೆ ಡಿಶ್ಶು ನಿಂತಿತು. ಅದರ ಸುತ್ತ ಉಳಿದ ಫರಸಿಗಳನ್ನು ಒಂದರ ಮೇಲೊಂದು ಪೇರಿಸಿದರು. ಚಿತ್ರ ಬಂತು, ಲಾರಿ ಹೋದರೂ ಒಡೆಯಲಿಲ್ಲ. ಅವರು ಸ್ವಲ್ಪ ಹೊತ್ತು ಕೂತು ಯಾವುದೋ ಹಳೆಯ ಹಿಂದಿ ಸಿನಿಮಾ ನೋಡಿ, ಚಹಾ ಕುಡಿದು, ಫೋಟೋಕ್ಕೆ ಕೈಮುಗಿದು ಹೋದರು. ಅವರು ಗೇಟು ದಾಟಿದ ಮೇಲೆ ಮಾಲಕರು ಮೇಲೆ ಬಂದರು.

ಬಾಲ್ಕನಿಗೆ ಹೋಗಬೇಕಾದರೆ ಟಿವಿಯ ಮುಂದಿನಿಂದಲೇ ಹೋಗಬೇಕು. ಅವರು ನಿಂತರು. ಫೋಟೋ ನೋಡಿದರು. ಮುಂದೆ ಹೋದರು.

"ಇದು ಬಾಲ್ಕನಿ ಅದನೋ ಖಣಿ ಅದನೋ?"

"ತೂತು ಹೊಡ್ದಿಲ್ರಿ ಮಾಲಕ್ರ" ಎಂದ ಅಪ್ಪ. "ಗ್ವಾಡಿ ಪೂರಾ ನೋಡ್ರಿ. ಒಂದು ತೂತು ತೋರ್ಸ್ರಿ."

"ತೂತಿಲ್ಲ, ಖರೆ. ಇಷ್ಟು ವಜ್ಜಿ ಹೇರಿದ್ರ ತೂತು ಹೊಡಿಲಿಕ್ಕ ಬಾಲ್ಕನಿನೇ ಉಳಿಯಂಗಿಲ್ಲ. ಕೆಳಗ ನಮ್ಮ ಮನಿಯಾಕಿ ಸಂಡಿಗಿ ಹಾಕ್ತಾಳ."

"ನಮ್ಮ ಕಲ್ಲು ಬೀಳಂಗಿಲ್ರಿ."

"ಕಲ್ಲು ಬೀಳಂಗಿಲ್ರಿ ಯಜಮಾನ್ರ. ನಂದು ಬಾಲ್ಕನಿ ಬೀಳ್ತದ."

ಅವರ ಮಾತು ಸರಿಯಿತ್ತು. ನೆಲದ ಮೇಲೆ ಬದುಕಿದವರು ನಾವು, ನೆಲ ಗಾಳಿಯಲ್ಲಿ ಚಾಚಿಕೊಂಡಿರಬಹುದೆಂದು ಅಪ್ಪನ ಲೆಕ್ಕಕ್ಕೆ ಬಂದಿರಲಿಲ್ಲ. ಡಿಶ್ಶಿನ ಕಲ್ಲು ಇರಲಿ, ಉಳಿದವು ಇಳಿಯಬೇಕು ಎಂದಾಯಿತು. ನಾನು ಚಹಾ ಮಾಡಲು ಒಳಗೆ ಹೋದೆ. ಕೇಳದೇ ಮಾಡಿದೆ. ಕೊಡುವಾಗ ಅವರ ಮುಖ ನೋಡಲಿಲ್ಲ, ಮತ್ತೆ ಒಳಗೆ ಹೋಗಿ ಸುಮ್ಮನೆ ನಳ ಬಿಟ್ಟು ನಿಂತೆ.

ಇಲ್ಲಿಂದ ಮುಂದೆ ಅಪ್ಪನ ನೆನಪಿಗೂ ನನ್ನದಕ್ಕೂ ಕೂಡುವುದಿಲ್ಲ. ಅವರು ಚಹಾ ಕುಡಿದರು ಎಂದು ಅಪ್ಪ ಹೇಳುತ್ತಾನೆ. ಆಮೇಲೆ ನಾನು ಎತ್ತಿದ ಕಪ್ಪು ತುಂಬಿತ್ತು, ಮೇಲೆ ಕೆನೆ ಕಟ್ಟಿತ್ತು. ಅದು ತನ್ನ ಕಪ್ಪು, ಆಗಲೇ ಒಂದು ಸಲ ಕುಡಿದಾಗಿತ್ತೆಂದು ತಾನು ಮುಟ್ಟಲಿಲ್ಲ ಎನ್ನುತ್ತಾನೆ ಅಪ್ಪ. ಎರಡೂ ಕಪ್ಪುಗಳು ಒಂದೇ ಬಣ್ಣದವು. ಅದಕ್ಕಿಂತ ದೊಡ್ಡದು, ಹೋಗುವಾಗ ಮಾಲಕರು ಫೋಟೋ ತೋರಿಸಿ "ಅದಕ್ಕೊಂದು ಮೊಳೆ ಹೊಡ್ಕೋರಿ, ಬಿದ್ದು ಒಡಿತದ" ಎಂದರಂತೆ. ನಳ ಬಿಟ್ಟಿದ್ದ ನನಗೆ ಕೇಳಿಸಲಿಲ್ಲ. ಅವರು ಹಾಗೆ ಹೇಳಿದ್ದರೆ ಈ ಮನೆ ನಮಗೆ ಉಳಿಯಿತು. ಹೇಳದೇ ಇದ್ದರೆ ಅಪ್ಪ ನನಗಾಗಿ ಒಂದು ಮಾತು ಕಟ್ಟಿದ್ದಾನೆ, ಮೊಳೆ ಹೊಡೆದ ದಿನವೇ ಮನೆ ಹೋಗುತ್ತದೆ. ಕೆಳಗಿಳಿದು ಕೇಳಬಹುದಿತ್ತು. ಮೊಳೆಯ ಬಗ್ಗೆ ಕೇಳಿದರೆ ಮೆಟ್ಟಿಲಲ್ಲಿ ಕೇಳಿಸಿದ್ದರ ಬಗ್ಗೆಯೂ ಕೇಳಿದಂತೆ.

ಕಲ್ಲುಗಳು ಇಳಿದವು, ಅದೇ ಗಂಡಸರು ಬಂದು ಅದೇ ಗಲಾಟೆಯಲ್ಲಿ ಇಳಿಸಿದರು. ಟಿವಿ ನಿಂತಲ್ಲಿ ನಿಂತಿತು. ಅಪ್ಪ ಮಧ್ಯಾಹ್ನವೆಲ್ಲ ಪೂರ್ತಿ ಮುಖಗಳನ್ನು ನೋಡುತ್ತಿದ್ದ. ಫೋಟೋದ ಪಕ್ಕ ಒಂದು ಮೊಳೆ ಬಂದು ಕೂತಿತ್ತು, ಡಿಶ್ಶಿನವನು ಬಂದಾಗಲೇ ಕೇಳಿ ಇಟ್ಟುಕೊಂಡದ್ದಂತೆ. ಧೂಳು ಒರೆಸುವಾಗ ನಾನು ಟಿವಿ ಒರೆಸಿ, ಫೋಟೋ ಒರೆಸಿ, ಮೊಳೆಯನ್ನೂ ಎತ್ತಿ ಒರೆಸಿ ಇಡುತ್ತಿದ್ದೆ.

ಯಾಕೆ ಆ ದಿನವೇ ಎಂದು ಕೇಳಿದರೆ ಹೇಳಲು ಒಳ್ಳೆಯ ಕಾರಣವಿಲ್ಲ. ಕಚೇರಿಯಲ್ಲಿ ಏನೂ ಆಗಿರಲಿಲ್ಲ. ರೈಲು ತಡವಾಗಿತ್ತು, ಮೆಟ್ಟಿಲು ಉದ್ದವಾಗಿತ್ತು. ಮೊಳೆ ಒರೆಸಲು ಎತ್ತಿದವಳಿಗೆ ಅದನ್ನು ಮತ್ತೆ ಅಲ್ಲೇ ಇಡಲು ಬೇಸರವಾಯಿತು.

"ಸುತ್ತಿಗಿ ಎಲ್ಲಿ ಅದ?"

ಅಪ್ಪ ಮಂಚದ ಕೆಳಗಿನ ಟ್ರಂಕಿನಿಂದ ತನ್ನ ಖಣಿಯ ಸಣ್ಣ ಸುತ್ತಿಗೆ ತೆಗೆದ. ತಾನೇ ಹೊಡೆಯಲು ಬಂದ. ಬೇಡವೆಂದೆ. ಬಾಗಿಲ ಎದುರಿನ ಗೋಡೆ. ಮೊದಲನೆಯ ಏಟಿಗೆ ಗಿಲಾವು ಉದುರಿತು, ಎರಡನೆಯದಕ್ಕೆ ಮೊಳೆ ಬಾಗಿತು. ಅಪ್ಪ ಅದನ್ನು ಬಾಗಿಲ ಹೊಸ್ತಿಲ ಮೇಲಿಟ್ಟು ನೆಟ್ಟಗೆ ಮಾಡಿ ಕೊಟ್ಟ. ಹೊಡೆದೆ. ಕೆಳಗಿನ ಮನೆಯಲ್ಲಿ ಕುಕ್ಕರು ಕೂಗಿ ನಿಂತಿತು. ಫೋಟೋ ಹಾಕಿದ ಮೇಲೆ ಇಬ್ಬರೂ ಬಾಗಿಲ ಕಡೆ ಕಿವಿಗೊಟ್ಟೆವು. ಮೆಟ್ಟಿಲಲ್ಲಿ ಯಾರೂ ಬರಲಿಲ್ಲ. "ಎಡಕ್ಕ ವಾಲ್ಯದ" ಎಂದ ಅಪ್ಪ, ಸರಿಮಾಡಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ಮಾಲಕರು ಸ್ಕೂಟರಿನ ಸೀಟಿನ ಧೂಳು ಒರೆಸುತ್ತಿದ್ದರು.

"ಶರಣ್ರಿ. ಟಿವಿ ಬರ್ಲಿಕತ್ತದೇನ್ರಿ ಮೇಡಂ?"

"ಬರ್ಲಿಕತ್ತದ್ರಿ."

"ನಿನ್ನಿ ಏನೋ ಬಡಿಲಿಕತ್ತಿದ್ರಿ."

"ಮೊಳೆರಿ. ಫೋಟೋಕ್ಕ."

ಅವರು ಬಟ್ಟೆ ಝಾಡಿಸಿ, ಸೀಟಿನ ಆಚೆ ಬದಿ ಒರೆಸಿದರು.

"ಒಂದೇ ಅಲ್ಲ?"

"ಒಂದೇರಿ."

"ಹಾಂ" ಎಂದು ಸ್ಕೂಟರ್ ಒದ್ದರು. ಅದು ಮೊದಲ ಸಲಕ್ಕೆ ಶುರುವಾಗಲಿಲ್ಲ. ನನಗೆ ರೈಲಿಗೆ ಹೊತ್ತಾಗಿತ್ತು, ಗೇಟು ತೆಗೆದು ಹೊರಟೆ.

ಅವರು ಅಂದು ಮೊಳೆಯ ಮಾತು ಆಡಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮನೆ ಇನ್ನೂ ಅದೇ. ರವಿವಾರ ಬಾಲ್ಕನಿಗೆ ಹೋಗಿ ಡಿಶ್ಶಿನ ಮೇಲಿನ ಸಿಮೆಂಟು ಒರೆಸುತ್ತೇನೆ, ಅದೇ ಬಟ್ಟೆ ಹಿಂಡಿಕೊಂಡು ಬಂದು ಫೋಟೋ ಒರೆಸುತ್ತೇನೆ. ಅಪ್ಪನನ್ನು ಮತ್ತೆ ಕೇಳಿಲ್ಲ.